ಹೊತ್ತು ಮುಳುಗಿದ ಮೇಲೆ ಒಂದು ಗುಟುಕು

ನಾನು ಆಡದೇ ಬಿಟ್ಟ ಆಟ ಯಾವುದೆಂದು ಕೇಳಿದರೆ ತುಸು ಯೋಚಿಸಿ ಹೇಳಬೇಕಾಗುತ್ತದೆ. ಸದಲಗಾದ ಶಾಲೆಯಲ್ಲಿ ಖೋಖೋ, ಚಿಕ್ಕೋಡಿಯ ಕಾಲೇಜಿನಲ್ಲಿ ಕಬಡ್ಡಿ, ಅದರ ಮುಂದೆ ಜಾವೆಲಿನ್ ಎಸೆತ, ನಡುವೆ ಎರಡು ವರ್ಷ ಹ್ಯಾಂಡ್‌ಬಾಲ್. ಹ್ಯಾಂಡ್‌ಬಾಲ್ ಆಡಿದ್ದು ಆ ತಂಡಕ್ಕೆ ಒಬ್ಬಳು ಕಡಿಮೆ ಬಿದ್ದಿದ್ದಳು ಎಂಬ ಒಂದೇ ಕಾರಣಕ್ಕೆ. "ಇಕಿ ಕಾಲಿಗೆ ಗಾಲಿ ಕಟ್ಕೊಂಡ ಹುಟ್ಟ್ಯಾಳ" ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಬೈಗುಳವೋ ಹೊಗಳಿಕೆಯೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ನಮ್ಮದು ಜೈನರ ಒಕ್ಕಲುತನದ ಮನೆ. ದೂಧಗಂಗೆಯ ದಂಡೆಗೆ ಕಬ್ಬು, ಹಿತ್ತಲಲ್ಲಿ ನಾಲ್ಕು ಎಮ್ಮೆ. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ತಟ್ಟೆ ಸದ್ದಾಗುವುದಿಲ್ಲ. ಹಾಗೆ ಬೆಳೆದವಳು ಹಾಸ್ಟೆಲಿಗೆ ಹೋದೆ. ಅಲ್ಲಿ ರಾತ್ರಿ ಊಟದ ಗಂಟೆ ಹೊಡೆಯುತ್ತಿದ್ದುದು ಏಳೂವರೆಗೆ. ಮೊದಲ ವಾರ ಉಪವಾಸವೇ ಆಯಿತು. ನನ್ನ ಕೋಣೆಯಲ್ಲೇ ಇದ್ದ ನಿಪ್ಪಾಣಿಯ ಹುಡುಗಿ ಎಂಟನೆಯ ದಿನ ಅಡುಗೆಯವನ ಜೊತೆ ಜಗಳ ತೆಗೆದಳು. ಅವಳು ಜೈನಳಲ್ಲ. ಕಬಡ್ಡಿಯಲ್ಲಿ ನನ್ನ ಕೈ ಹಿಡಿದು ನಿಲ್ಲುವವಳು, ಅಷ್ಟೇ. ಆ ದಿನದಿಂದ ನಾಲ್ಕು ವರ್ಷ, ಪ್ರತಿ ಸಂಜೆ ಆರಕ್ಕೆ ಮೊದಲು, ಮೈದಾನದಿಂದ ಓಡಿ ಹೋಗಿ ನನ್ನ ತಟ್ಟೆ ಬಡಿಸಿಟ್ಟು ಕಾಯುತ್ತಿದ್ದಳು.

ಕೊನೆಯ ವರ್ಷ ಜಾವೆಲಿನ್ ದೂರ ಹೋಗದೆ ಅಳುತ್ತ ಕೂತಿದ್ದಾಗ, ಮೈಗೆ ಕಸುವು ಬರಲೆಂದು, ನಮ್ಮ ಮನೆಯಲ್ಲಿ ಮುಟ್ಟದ ಕೋಳಿ ತತ್ತಿ ಕುದಿಸಿ ತಂದವಳೂ ಅವಳೇ. "ತಿನ್ನ ಬೇ, ನಿಮ್ಮವ್ವಗ ನಾ ಹೇಳಾಂಗಿಲ್ಲ" ಎಂದಳು. ತಿಂದೆ. ಒಂದಲ್ಲ, ಇಡೀ ವರ್ಷ. ಈ ಭೂಮಿಯ ಮೇಲೆ ಈ ಸಂಗತಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಓದು ಮುಗಿದು ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಅತಿಥಿ ಶಿಕ್ಷಕಿಯಾದೆ. ಹೆಸರಿಗೆ ಅತಿಥಿ, ಹತ್ತು ವರ್ಷವಾದರೂ ಮನೆಯವಳಾಗಿಲ್ಲ. ಅಮೇರಿಕನ್ ಫುಟ್‌ಬಾಲ್ ತರಬೇತಿ ಶಿಬಿರಕ್ಕೆ ಯಾರನ್ನಾದರೂ ಕಳಿಸಬೇಕೆಂದು ಪತ್ರ ಬಂದಾಗ ಕಾಯಂ ಶಿಕ್ಷಕರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ಕೊನೆಗೆ ನನ್ನ ಮುಖ ನೋಡಿದರು. ಹತ್ತು ದಿನ ಹೋಗಿ ಬಂದೆ. ಹೆಸರು ಫುಟ್‌ಬಾಲ್, ಕಾಲಿಗೆ ಕೆಲಸವೇ ಇಲ್ಲ. ಚೆಂಡೂ ದುಂಡಗಿಲ್ಲ, ಎರಡು ಕಡೆ ಚೂಪು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಆರು ಅಂಕ. ಆದರೆ ಆ ಆಟದಲ್ಲಿ ನಾನು ಅಲ್ಲಿಯವರೆಗೆ ಆಡಿದ್ದೆಲ್ಲವೂ ಇತ್ತು. ಎಸೆಯಲು ಜಾವೆಲಿನ್ನಿನ ಭುಜ, ಹಿಡಿದು ಕೆಡವಲು ಕಬಡ್ಡಿಯ ಕೈ, ತಪ್ಪಿಸಿಕೊಳ್ಳಲು ಖೋಖೋದ ಸೊಂಟ. ನನ್ನ ತಿರುಗಾಟಕ್ಕೆಲ್ಲ ಈಗ ಅರ್ಥ ಬಂತು ಎಂದು ನಿಜವಾಗಿಯೂ ಅನ್ನಿಸಿತು.

ಹುಡುಗಿಯರ ತಂಡ ಕಟ್ಟಿದೆ. ರಾಯಬಾಗ, ಅಥಣಿ, ಕಾಗವಾಡದಿಂದ ಬಸ್ಸಿನಲ್ಲಿ ಬಂದು ಆಡುವ ಹುಡುಗಿಯರು. ಏಳು ಜನರ ಆಟ, ಹನ್ನೆರಡು ಹುಡುಗಿಯರು, ಒಂಬತ್ತು ಹಳೆಯ ಹೆಲ್ಮೆಟ್. ಮೊದಲ ತಿಂಗಳು ನಗೆಪಾಟಲು. ಖೋಖೋದಲ್ಲಿ ಅಟ್ಟಿಸಿಕೊಂಡು ಹೋಗುವವಳು ಒಮ್ಮೆ ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವವರೆಗೆ ಹಿಂದೆ ತಿರುಗುವಂತಿಲ್ಲ. ನನ್ನ ಹುಡುಗಿಯರು ಚೆಂಡು ಹಿಡಿದವಳನ್ನು ದಾಟಿ ಹೋದರೂ ತಿರುಗದೆ, ಮೈದಾನದ ಕೊನೆಯ ಬೇವಿನ ಮರ ಮುಟ್ಟಿಯೇ ವಾಪಸ್ಸು ಬರುತ್ತಿದ್ದರು. ಬೈದೂ ಬೈದೂ ನನ್ನ ಗಂಟಲು ಬಿದ್ದು ಹೋಗಿತ್ತು. ನಿಪ್ಪಾಣಿಯ ಗೆಳತಿಗೆ ಫೋನು ಮಾಡಿ ಇದನ್ನು ಹೇಳಿದಾಗ ಅವಳು ನಕ್ಕೂ ನಕ್ಕೂ ಕೆಮ್ಮತೊಡಗಿದಳು. ಆರು ತಿಂಗಳಿಗೆ ಅವಳೂ ನಿಪ್ಪಾಣಿಯಲ್ಲಿ ಒಂದು ತಂಡ ಕಟ್ಟಿದಳು. ಆಟದ ನಿಯಮಗಳ ಪುಸ್ತಕವನ್ನು ನಾನೇ ನಕಲು ಮಾಡಿಸಿ ಕಳಿಸಿದ್ದೆ.

ನನ್ನ ತಂಡದಲ್ಲಿ ಚೆಂಡು ಎಸೆಯುವವಳು ಅಥಣಿ ಕಡೆಯ ಅನಂತಪುರದ ಹತ್ತಿರದ ತೋಟದ ಮನೆಯ ಹುಡುಗಿ. ಜೈನರೇ. ತಂದೆತಾಯಿ ಇಲ್ಲ, ಅಜ್ಜಿ ಬೆಳೆಸಿದ್ದಳು. ಅವಳು ಚೆಂಡು ಎಸೆದರೆ ಅದು ಗಾಳಿಯಲ್ಲಿ ನೂಲುವ ತಕಲಿಯ ಹಾಗೆ ತಿರುಗುತ್ತ ಹೋಗುತ್ತಿತ್ತು. ಅವಳನ್ನು ತಂಡಕ್ಕೆ ಕೇಳಲು ಹೋದಾಗ ಅಜ್ಜಿ ಮೊದಲು ಕೇಳಿದ್ದು, "ಚೆಂಡು ಚರ್ಮದ್ದೇನ್ರಿ?" ಎಂದು. ರಬ್ಬರಿನದೆಂದು ಕೈಗೆ ಕೊಟ್ಟು ತೋರಿಸಿದೆ. ಮೂಸಿ ನೋಡಿ ಒಪ್ಪಿದಳು. ಎರಡನೆಯದಾಗಿ ಕೇಳಿದ್ದು ಊಟ. ಹೊತ್ತು ಮುಳುಗುವುದಕ್ಕೆ ಮೊದಲು ಇಡೀ ತಂಡಕ್ಕೇ ನಾನು ಊಟ ಮಾಡಿಸುತ್ತೇನೆ ಎಂದೆ. ಹಾಗೆಯೇ ನಡೆಸಿದೆ ಕೂಡ. ಐದೂವರೆಗೆ ಆಟ ನಿಲ್ಲಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಜೈನರಲ್ಲದ ಹುಡುಗಿಯರೂ ಅದಕ್ಕೆ ಒಗ್ಗಿಕೊಂಡಿದ್ದರು.

ಆ ವರ್ಷ ಭಾದ್ರಪದದಲ್ಲಿ, ನಮ್ಮ ದಶಲಕ್ಷಣ ಪರ್ವದ ಹತ್ತು ದಿನಗಳ ನಡುವೆಯೇ, ಆಯ್ಕೆಯ ಪಂದ್ಯ ಬಂತು. ನನ್ನ ತಂಡ ಮತ್ತು ನಿಪ್ಪಾಣಿಯ ತಂಡ. ಗೆದ್ದವರು ರಾಜ್ಯದ ಶಿಬಿರಕ್ಕೆ. ಮೈದಾನ ರಾಯಬಾಗದ್ದು. ಅನಂತಪುರದ ಹುಡುಗಿ ಆ ವರ್ಷ ಮೊದಲ ಬಾರಿಗೆ ಬಸದಿಯಲ್ಲಿ ಮುನಿಗಳ ಮುಂದೆ ಕೈಮುಗಿದು ನಿಯಮ ತೆಗೆದುಕೊಂಡಿದ್ದಳು. ಹತ್ತು ದಿನ ಒಂದೇ ಹೊತ್ತು ಊಟ, ಹೊತ್ತು ಮುಳುಗಿದರೆ ಹನಿ ನೀರೂ ಇಲ್ಲ. ಯಾರೂ ಒತ್ತಾಯ ಮಾಡಿರಲಿಲ್ಲ. ಹತ್ತೊಂಬತ್ತರ ವಯಸ್ಸಿನ ಹುಡುಗಿಗೆ ತನ್ನದೇ ಆದ ಒಂದು ಗಟ್ಟಿತನ ತೋರಿಸಬೇಕಿತ್ತು, ಅಷ್ಟೇ. ಅಜ್ಜಿ ನನ್ನನ್ನು ಮನೆಗೆ ಕರೆಸಿ ಬಲಗೈ ಚಾಚಿದಳು.

"ಆಡ್ಲಿರಿ, ನಾ ಬ್ಯಾಡ ಅನ್ನಾಂಗಿಲ್ಲ. ಆದ್ರ ನಿಯಮ ಮುರೀಬಾರ್ದು. ನೀವು ನಮ್ಮಾಕಿ ಅದೀರಿ ಅಂತ ಕಳಸ್ತೇನಿ."

ಆ ಕೈಮೇಲೆ ನನ್ನ ಕೈ ಇಟ್ಟು ಮಾತು ಕೊಟ್ಟೆ. ಕೊಡುವಾಗ ನನಗೆ ಹೆದರಿಕೆ ಇರಲಿಲ್ಲ. ಪಂದ್ಯ ಮುಂಜಾನೆ ಒಂಬತ್ತಕ್ಕೆ ಇದ್ದರೆ ಮಾತ್ರ ಆಡುತ್ತೇವೆ ಎಂದು ಸಂಘಟಕರಿಗೆ ಹೇಳಿ ಒಪ್ಪಿಸಿದ್ದೆ. ಯಾಕೆಂದು ಗೆಳತಿಗೂ ಫೋನಿನಲ್ಲಿ ಬಿಡಿಸಿ ಹೇಳಿದ್ದೆ. ತಂಡದಲ್ಲಿ ಮೂವರು ನಿಯಮ ಹಿಡಿದಿದ್ದಾರೆ, ಅವರಲ್ಲಿ ಸಂಜೆಯ ನೀರನ್ನೂ ಬಿಟ್ಟವಳು ಅನಂತಪುರದವಳೊಬ್ಬಳೇ, ಎಲ್ಲ. "ಅಗ, ನನಗ ಹೇಳಬೇಕೇನ ನೀ? ನಾಲ್ಕ ವರ್ಷ ನಿನ್ನ ತಾಟ ಕಾದಾಕಿ ನಾ" ಎಂದಳು. ಅವಳ ಮುಂದೆ ನಾನು ಯಾವತ್ತೂ ಬಾಯಿಗೆ ಬಾಗಿಲು ಹಾಕಿಕೊಂಡವಳಲ್ಲ.

ಪಂದ್ಯದ ದಿನ ಮುಂಜಾನೆ ಎಂಟು ಗಂಟೆಗೆ ಹನ್ನೆರಡು ಹುಡುಗಿಯರನ್ನು ಕರೆದುಕೊಂಡು ರಾಯಬಾಗದ ಮೈದಾನಕ್ಕೆ ಹೋದರೆ ಅಲ್ಲಿ ಎರಡು ಆಡು ಮೇಯುತ್ತಿದ್ದವು. ಸುಣ್ಣದ ಗೆರೆಯಿಲ್ಲ, ಪೆಂಡಾಲಿಲ್ಲ. ಮೈದಾನ ನೋಡಿಕೊಳ್ಳುವ ಮುದುಕ ಬಂದು, "ಆಟ ಸಂಜಿ ನಾಕೂವರಿಗೈತಲ್ರಿ ಬಾಯಾರ. ನೀವಿಬ್ರೂ ಕೂಡಿ ಒಪ್ಪೇವಿ ಅಂತ ಬರದು ಕೊಟ್ಟೀರಂತ" ಎಂದ. ನಾನು ಏನನ್ನೂ ಬರೆದು ಕೊಟ್ಟಿರಲಿಲ್ಲ. ಸಂಘಟಕರ ಕಚೇರಿಗೆ ಹೋಗಿ ಕಾಗದ ನೋಡಿದೆ. ಬಿಸಿಲಿನ ಕಾರಣ ಪಂದ್ಯ ಸಂಜೆಗೆ ಇಡಬೇಕು, ಇದಕ್ಕೆ ಎರಡೂ ತಂಡಗಳ ಒಪ್ಪಿಗೆ ಇದೆ ಎಂದು ಬರೆದಿತ್ತು. ಕೆಳಗೆ ಎರಡು ಸಹಿ. ಒಂದು ನಿಪ್ಪಾಣಿಯ ಗೆಳತಿಯದು. ಇನ್ನೊಂದು ನನ್ನದು, ಅವಳೇ ಮಾಡಿದ್ದು. ಹಾಸ್ಟೆಲಿನಲ್ಲಿ ನಾನು ಹೊರಗೆ ಹೋದಾಗಲೆಲ್ಲ ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಅವಳೇ ಹಾಕುತ್ತಿದ್ದಳು. ಬಾಲ ಎಳೆಯುವ ರೀತಿಯೂ ಅದೇ.

ಈ ಸಹಿ ನನ್ನದಲ್ಲ ಎಂದೆ. ಸಿಟ್ಟು ಆಮೇಲೆ ಬಂತು. ಸಂಘಟಕರು, "ಗೆಸ್ಟ್ ಸಂಜಿಗೇ ಬರಾಕತ್ತಾರ್ರಿ, ಈಗ ಏನೂ ಮಾಡಾಕ ಬರಾಂಗಿಲ್ಲ. ಆಡಾಂಗಿಲ್ಲಂದ್ರ ಬರದು ಕೊಡ್ರಿ, ಅವರನ್ನ ಗೆಲಸ್ತೇವಿ" ಎಂದರು.

ಮಧ್ಯಾಹ್ನ ಬಸದಿಯ ಹತ್ತಿರ ಕಂಡ ಒಂದು ಮನೆಯ ಬಾಗಿಲು ತಟ್ಟಿ, ಪರ್ವದ ನಿಯಮ ಹಿಡಿದ ಮೂವರು ಹುಡುಗಿಯರು ಊಟಕ್ಕೆ ಇದ್ದಾರೆ ಎಂದೆ. ಯಾರು ಏನೆಂದು ಕೇಳದೆ ಒಳಗೆ ಕರೆದು ಬಿಸಿ ಅನ್ನ, ತೊವ್ವೆ, ಕಾಯಿಸಿ ಆರಿಸಿದ ನೀರು ಕೊಟ್ಟರು. ಗುರುತಿಲ್ಲದವರು ಹಾಗೆ ನಡೆದುಕೊಂಡರು. ಅದನ್ನು ನೋಡಿ ನನಗೆ ಇನ್ನಷ್ಟು ಉರಿಯಿತು.

ಮೂರು ಗಂಟೆಗೆ ಗೆಳತಿ ತನ್ನ ತಂಡದ ಜೊತೆ ಬಂದಳು. ನಾನು ಸೀದಾ ಹೋಗಿ ಎದುರು ನಿಂತೆ.

"ನನ್ನ ಸಹಿ ನೀ ಯಾಕ ಮಾಡಿದಿ?"

"ಬಿಸಲ ಐತಿ ಬೇ. ಮುಂಜಾನಿ ನಮ್ಮ ಹುಡಿಗ್ಯಾರಿಗೆ ಬಸ್ ಇರ್ಲಿಲ್ಲ."

"ಬಸ್ಸಿನ ಕತಿ ನನ್ನ ಮುಂದ ಹೇಳಬ್ಯಾಡ. ಗೆಸ್ಟ್ ತಡಾ ಮಾಡಿದ್ರ ಆಟ ಹೊತ್ತ ಮುಳಗೂತನಕ ಎಳೀತೈತಿ. ಹೊತ್ತ ಮುಳಗಿದ ಮ್ಯಾಲ ನಮ್ಮಾಕಿ ನೀರ ಕುಡಿಯಾಂಗಿಲ್ಲ ಅಂತ ನಿನಗ ಗೊತ್ತಿತ್ತು."

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಕುಡಿಯಾಂಗಿಲ್ಲಂದ್ರ ನೀನ ಕುಡಸು. ತತ್ತಿ ತಿಂದ ಜಾವೆಲಿನ್ ಒಗದಾಕಿ ನೀ. ನನ್ನ ಮುಂದ ಯಾಕ ಶಾಸ್ತ್ರ ಹೇಳ್ತಿ?"

ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವಳಿಗೆ ಗೆಲ್ಲಬೇಕಿತ್ತು, ಅದು ತಪ್ಪಲ್ಲ. ನನಗೂ ಬೇಕಿತ್ತು. ಆದರೆ ನನ್ನನ್ನು ಸೋಲಿಸಲು ಅವಳು ಕೈಗೆತ್ತಿಕೊಂಡದ್ದು ನಾನು ನಂಬಿ ಹೇಳಿದ ಮಾತನ್ನು. ಉಂಡ ಮನೆಗೆ ಎರಡು ಬಗೆಯುವುದು ಅನ್ನುತ್ತಾರಲ್ಲ, ಇಲ್ಲಿ ಉಣ್ಣಿಸಿದವಳೇ ಎರಡು ಬಗೆದಿದ್ದಳು.

ಆಗಲೇ ಹುಡುಗಿಯರನ್ನು ಕರೆದುಕೊಂಡು ಬಸ್ ಹತ್ತಬೇಕಿತ್ತು. ಹತ್ತಲಿಲ್ಲ. ಇವಳನ್ನು ಇದೇ ಮೈದಾನದಲ್ಲಿ ಮಣ್ಣು ಮುಕ್ಕಿಸದೆ ಹೋಗಬಾರದು ಎಂಬ ಹಟ ಹತ್ತಿತು. ಅನಂತಪುರದ ಹುಡುಗಿಯನ್ನು ಪಕ್ಕಕ್ಕೆ ಕರೆದು, ಆಡುತ್ತೀಯಾ ಎಂದು ಕೇಳಿದೆ. "ನೀವು ಆಡು ಅಂದ್ರ ಆಡ್ತೇನ್ರಿ" ಎಂದಳು. ಹೊತ್ತು ಮುಳುಗುವುದರೊಳಗೆ ಮುಗಿಯುತ್ತದೆ, ಆಡು ಎಂದೆ.

ಮುಗಿಯಲಿಲ್ಲ. ಅತಿಥಿಗಳು ಬಂದದ್ದೇ ಐದೂ ಕಾಲಿಗೆ. ಆಮೇಲೆ ಅವರಿಗೆ ಫೇಟಾ, ಶಾಲು, ತೆಂಗಿನಕಾಯಿ. ಅವರ ಹಿಂದೆ ಬಂದವರಿಗೂ ಫೇಟಾ. ಕಟ್ಟುವವನು ಒಬ್ಬನೇ, ತಲೆಗಳು ಹನ್ನೊಂದು. ನಂತರ ಭಾಷಣ. ಅಮೇರಿಕದ ಆಟ ನಮ್ಮ ಮಣ್ಣಿಗೆ ಬಂದದ್ದು ಹೆಮ್ಮೆ ಎಂದು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳಿ, ಚೆಂಡನ್ನು ನೆಲದ ಮೇಲಿಟ್ಟು ಒದ್ದು ಉದ್ಘಾಟಿಸಿದರು. ಹುಡುಗಿ ತನ್ನ ಬಾಟಲಿಯಲ್ಲಿದ್ದ ನೀರಿನ ಕೊನೆಯ ಗುಟುಕನ್ನು ಪಡುವಣ ದಿಕ್ಕು ನೋಡಿಕೊಂಡು ಕುಡಿದು ಮುಚ್ಚಳ ಹಾಕಿದಳು.

ಆಟ ಶುರುವಾದದ್ದು ಆರು ಗಂಟೆಗೆ. ಮೊದಲರ್ಧದಲ್ಲಿ ಅವರೊಮ್ಮೆ, ನಾವೊಮ್ಮೆ ಗೆರೆ ದಾಟಿದೆವು. ಆರು, ಆರು. ವಿರಾಮದ ಹೊತ್ತಿಗೆ ಸೂರ್ಯ ಇರಲಿಲ್ಲ. ವಾಲಿಬಾಲಿಗೆಂದು ಹಾಕಿದ್ದ ಎರಡು ದೀಪ ಹೊತ್ತಿಸಿದರು. ಉಳಿದವರು ನೀರು ಕುಡಿಯುವಾಗ ಅನಂತಪುರದವಳು ಬೆನ್ನು ತಿರುಗಿಸಿ ಕೂತಿದ್ದಳು. ಮಳೆ ಬರುವ ಹಾಗಿದ್ದ ಧಗೆ. ಹೆಲ್ಮೆಟ್ ಒಳಗಿಂದ ಬೆವರು ಅವಳ ಕುತ್ತಿಗೆಗೆ ಇಳಿಯುತ್ತಿತ್ತು. ಆಮೇಲೆ ಬೆವರೂ ನಿಂತಿತು. ಅದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ಗೊತ್ತಿತ್ತು. ಇಪ್ಪತ್ತು ವರ್ಷ ಮೈದಾನದಲ್ಲಿ ಇದ್ದವಳಿಗೆ ಇಷ್ಟಾದರೂ ಗೊತ್ತಿರುತ್ತದೆ. ಆದರೂ ಅವಳನ್ನು ಹೊರಗೆ ಕೂಡಿಸಲಿಲ್ಲ.

ಆಟ ಮುಗಿಯಲು ಎರಡು ನಿಮಿಷ ಇದ್ದಾಗ ಚೆಂಡು ನಮ್ಮ ಕೈಯಲ್ಲಿತ್ತು. ಮೂರು ಪ್ರಯತ್ನ ಮುಗಿದಿದ್ದವು, ಗೆರೆ ಇನ್ನೂ ದೂರವಿತ್ತು. ಮೂರನೆಯ ಎಸೆತದ ನಂತರ ಅವಳು ಕೈ ಕೆಳಗಿಳಿಸಿದವಳು ಹಾಗೆಯೇ ಮೊಣಕಾಲೂರಿ ಕುಸಿದಳು. ನನಗೆ ಉಳಿದಿದ್ದ ಒಂದೇ ವಿರಾಮ ಕೇಳಿ ಓಡಿದೆ. ಹೆಲ್ಮೆಟ್ ತೆಗೆದೆ. ತುಟಿ ಬೂದಿಯ ಬಣ್ಣವಾಗಿತ್ತು. ಕಣ್ಣು ಅರ್ಧ ತೆರೆದಿದ್ದವು, ನನ್ನನ್ನು ಗುರುತಿಸುತ್ತಿದ್ದಳು. ಯಾರದೋ ಬಾಟಲಿ ತೆಗೆದುಕೊಂಡು ಅವಳ ಬಾಯಿಗೆ ಹಿಡಿದೆ. ಹಲ್ಲು ಕಚ್ಚಿಕೊಂಡು ತಲೆ ಅಲ್ಲಾಡಿಸಿದಳು. ದವಡೆಯ ಎರಡೂ ಬದಿ ಬೆರಳಿಟ್ಟು ಒತ್ತಿ ಬಾಯಿ ತೆರೆಸಿದೆ, ಕರುವಿಗೆ ಔಷಧಿ ಕುಡಿಸುವ ಹಾಗೆ. ಒಂದು ಗುಟುಕು ಹೋಯಿತು. ಅದರ ಹಿಂದೆ ಇನ್ನೊಂದು. ಮೂರನೆಯದನ್ನು ಅವಳೇ ನುಂಗಿದಳು, ಕಣ್ಣು ಮುಚ್ಚಿಕೊಂಡು.

ಇಲ್ಲಿಯವರೆಗೆ ನಾನು ಮಾಡಿದ್ದಕ್ಕೆ ಯಾವ ಮುನಿಗಳೂ ನನ್ನನ್ನು ಬೈಯಲಾರರು. ಜೀವ ಉಳಿಸುವುದು ಧರ್ಮವೇ. ಆದರೆ ಮುಂದಿನದನ್ನೂ ಬರೆಯಬೇಕು. ಚೆಂಡು ಎಸೆಯಲು ಎರಡನೆಯವಳೊಬ್ಬಳು ಇದ್ದಳು, ಕಾಗವಾಡದ ಹುಡುಗಿ. ಅವಳು ಹೆಲ್ಮೆಟ್ ಹಾಕಿಕೊಂಡು ಮೈದಾನದ ಬದಿಯ ಗೆರೆಯ ಹತ್ತಿರ ಸಿದ್ಧಳಾಗಿ ನಿಂತಿದ್ದಳು. ಅವಳ ಕೈ ಅಷ್ಟು ದೂರ ಹೋಗುತ್ತಿರಲಿಲ್ಲ. ಆಚೆ ಬದಿಯಲ್ಲಿ ನನ್ನ ಗೆಳತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದಳು. ನಾನು ಕಾಗವಾಡದವಳಿಗೆ ಕೂತುಕೋ ಎಂದು ಸನ್ನೆ ಮಾಡಿ, ಅನಂತಪುರದವಳ ತಲೆಗೆ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದೆ. "ಒಂದ ಎಸೆತ. ಆಮ್ಯಾಲ ಸಾಕು" ಎಂದೆ.

ಅವಳು ಎದ್ದು ಹೋಗಿ ಎಸೆದಳು. ರಾಯಬಾಗದ ಹುಡುಗಿ ಓಡುತ್ತಲೇ ಹಿಡಿದು ಗೆರೆ ದಾಟಿದಳು. ಗೆದ್ದೆವು. ಹುಡುಗಿಯರೆಲ್ಲ ನನ್ನ ಮೇಲೆ ಬಿದ್ದು ಕೂಗಿದರು. ಉಳಿದಿದ್ದ ಒಂದು ಫೇಟಾ ತಂದು ನನ್ನ ತಲೆಗೆ ಸುತ್ತಿದರು. ಆ ಗದ್ದಲದಲ್ಲಿ ನಾನು ಹುಡುಕಿದ್ದು ನನ್ನ ಗೆಳತಿಯ ಮುಖವನ್ನು, ಸೋತ ಮುಖ ಹೇಗಿದೆ ನೋಡಲು. ಅನಂತಪುರದ ಹುಡುಗಿ ಎಲ್ಲಿದ್ದಾಳೆಂದು ನೋಡಿದ್ದು ಆಮೇಲೆ. ದೀಪದ ಕಂಬಕ್ಕೆ ಒರಗಿ ಕೂತಿದ್ದಳು. ದವಾಖಾನೆಗೆ ಕರೆದುಕೊಂಡು ಹೋಗಿ ಸಲಾಯಿನ್ ಹಚ್ಚಿಸಿದೆ. ಎರಡು ಗಂಟೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಳಲಿದ್ದಾಳೆ ಎಂದುಕೊಂಡೆ.

ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಾಣಿ ಇರುತ್ತದೆ. ವರ್ಷವಿಡೀ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವ ದಿನ. ಆ ಮುಂಜಾನೆ ನಿಪ್ಪಾಣಿಯಿಂದ ಸಂದೇಶ ಬಂತು. "ಉತ್ತಮ ಕ್ಷಮಾ. ಇವತ್ತ ನಿಮ್ಮಲ್ಲಿ ಇಲ್ಲ ಅನ್ನಾಂಗಿಲ್ಲಂತಲ್ಲ, ಅದಕ್ಕ ಇವತ್ತ ಕೇಳಾಕತ್ತೇನಿ." ನಮ್ಮ ಪದ್ಧತಿಯನ್ನು ನನಗಿಂತ ಚೆನ್ನಾಗಿ ಬಲ್ಲವಳು. ಮೈದಾನದಲ್ಲೂ ಅದನ್ನೇ ಬಳಸಿದಳು, ಈಗಲೂ ಅದನ್ನೇ. ಬೆಂಕಿ ಹತ್ತಿದಂತಾಗಿ ಫೋನನ್ನು ಹಾಸಿಗೆಯ ಮೇಲೆ ಎಸೆದೆ. ಇವತ್ತಿನವರೆಗೂ ಉತ್ತರ ಬರೆದಿಲ್ಲ, ಬರೆಯುವುದೂ ಇಲ್ಲ.

ಅದೇ ದಿನ ರಾಜ್ಯ ಶಿಬಿರದ ಹೊಸ ಜೆರ್ಸಿ ತೆಗೆದುಕೊಂಡು ಅನಂತಪುರದ ಬಸ್ ಹತ್ತಿದೆ. ಅಜ್ಜಿಯ ಮುಂದೆ ಎಲ್ಲವನ್ನೂ ಹೇಳಿಬಿಡಬೇಕು ಎಂದುಕೊಂಡಿದ್ದೆ. ಬಾಗಿಲಲ್ಲೇ ಅಜ್ಜಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

"ನಿಮ್ಮ ಉಪಕಾರ ಮರಿಯಾಂಗಿಲ್ರಿ. ಅಷ್ಟ ಗಡಬಡಿಯೊಳಗ ನಮ್ಮ ಕೂಸಿನ ನಿಯಮ ಉಳಿಸಿದ್ರಿ. ಇಕಿ ಎಲ್ಲಾ ಹೇಳ್ಯಾಳ."

ನಾನು ಹುಡುಗಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಬಾಯಿ ತೆರೆದರೆ ಅಜ್ಜಿಯ ಮುಂದೆ ಅವಳು ಸುಳ್ಳುಗಾತಿಯಾಗುತ್ತಿದ್ದಳು, ಮುಚ್ಚಿಕೊಂಡರೆ ನಾನು. ಮುಚ್ಚಿಕೊಂಡೆ. ಅಜ್ಜಿ ಕೊಟ್ಟ ಹಾಲು ಕುಡಿದೆ, ಕರದಂಟು ತಿಂದೆ. ಪಾರಣೆಯ ದಿನ ಬಸದಿಯಲ್ಲಿ ಮೊಮ್ಮಗಳನ್ನು ಎದುರಿಗೆ ಕೂಡಿಸಿ ಹೂ ಹಾಕಿದ್ದನ್ನು ಅಜ್ಜಿ ಎರಡು ಸಲ ಹೇಳಿದಳು.

ಬಸ್ ನಿಲ್ದಾಣದವರೆಗೆ ಹುಡುಗಿ ನನ್ನ ಜೊತೆ ನಡೆದು ಬಂದಳು. ದ್ರಾಕ್ಷಿ ತೋಟಗಳ ನಡುವಿನ ದಾರಿ. ಜೆರ್ಸಿಯನ್ನು ಅವಳ ಕೈಗೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ.

"ನಾ ಬರಾಂಗಿಲ್ರಿ ಮೇಡಂ. ಕಾಗವಾಡದಾಕಿನ್ನ ಕರ್ಕೊಂಡ ಹೋಗ್ರಿ."

"ನೀರ ಕುಡಿಸಿದ್ದಕ್ಕ ಸಿಟ್ಟ ಏನವಾ?" ಎಂದು ಕೇಳಿದೆ. "ಕುಡಸದಿದ್ರ ನಿನ್ನ ಜೀವಕ್ಕ..."

"ಕುಡಿಸಿದ್ದಕ್ಕ ಸಿಟ್ಟಿಲ್ರಿ. ನನ್ನ ಜೀವಕ್ಕ ಹೆದರಿ ಕುಡಿಸಿದ್ರಿ ಅಂತ ತಿಳದು, ಮೂರನೇ ಗುಟುಕ ನಾನ ಕುಡದ್ನಿ." ಅವಳು ಅಳುತ್ತಿರಲಿಲ್ಲ. ಲೆಕ್ಕ ಒಪ್ಪಿಸುವವಳ ಹಾಗೆ ಮೆಲ್ಲಗೆ ಹೇಳಿದಳು. "ಆಮ್ಯಾಲ ನೀವು ಹೆಲ್ಮೆಟ್ ಹಾಕಿದ್ರಿ."

ಬಸ್ ಬಂತು. ಆ ದಿನ ಯಾರೂ ಯಾರಿಗೂ ಇಲ್ಲ ಅನ್ನುವಂತಿಲ್ಲ, ಕೇಳಿದ್ದರೆ ಅವಳು ಕ್ಷಮಿಸಲೇಬೇಕಾಗುತ್ತಿತ್ತು. ನಾನು ಕೇಳಲಿಲ್ಲ.